ಮಾವನಿಗೆ ಮಾತ್ರೆ ಹೇಳುವ ಪೆಟ್ಟಿಗೆ

ನನ್ನ ಸೋದರಮಾವ ಹುಟ್ಟಿದಂದಿನಿಂದ ಯಾರ ಮಾತನ್ನೂ ಕೇಳಿದವರಲ್ಲ. ಕೇಳಿದ್ದು ಒಂದೇ ಒಂದು ಪೆಟ್ಟಿಗೆಯ ಮಾತು. ಪೆಟ್ಟಿಗೆ ಎಂದರೆ ಹಾರ್ಮೋನಿಯಂ, ಟ್ರಂಕು ಎಂದೆಲ್ಲ ತಿಳಿಯಬೇಡಿ. ಕಂಪ್ಯೂಟರಿನ ಪರದೆಯ ಬಲಮೂಲೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದಾಗಿ ಕಾಣುವ ಒಂದು ಚೌಕ, ಅಷ್ಟೇ. ಅದು ಹೇಳಿದರೆ ಮಾವ ಬಿಪಿ ಮಾತ್ರೆ ನುಂಗುವರು, ಹೇಳದಿದ್ದರೆ ಇಲ್ಲ. ಡಾಕ್ಟರು ಹೇಳಿದರೂ ಇಲ್ಲ, ಅತ್ತೆ ಹೇಳಿದರೂ ಇಲ್ಲ, ನಾನು ಕೋಪರಿಯ ನನ್ನ ಮನೆಯಿಂದ ಲೋಕಲ್ ರೈಲು ಹಿಡಿದು ಡೊಂಬಿವಲಿಗೆ ಹೋಗಿ ಕೈಮುಗಿದರೂ ಇಲ್ಲ! ಇಂಥವರನ್ನು ಸೋದರಮಾವನಾಗಿ ಪಡೆಯಲು ನಾನು ಯಾವ ಜನ್ಮದಲ್ಲಿ ಏನು ಮಾಡಿದ್ದೆನೋ!

ಪೆಟ್ಟಿಗೆ ಬರುವ ಮೊದಲಿನ ಮಾವನನ್ನು ನೀವು ನೋಡಬೇಕಿತ್ತು. ಉಡುಪಿ ಕಡೆಯಿಂದ ಮೀಸೆ ಮೂಡುವ ಮುಂಚೆ ಮುಂಬೈ ಕಡೆಗೆ ಬಂದವರು. ಠಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಸುರು ಮಾಡಿ ಗಲ್ಲಾದ ಮೇಲೆ ಕೂರುವವರೆಗೆ ಏರಿದ್ದರು. ಗಲ್ಲಾದಲ್ಲಿ ಕೂತವರ ಕೆಲಸ ಬಿಲ್ಲು ನೋಡಿ ದುಡ್ಡು ತೆಗೆದುಕೊಳ್ಳುವುದು ತಾನೆ? ಮಾವ ಅಲ್ಲಿಂದಲೇ ಗಿರಾಕಿಗಳಿಗೆ ಬುದ್ಧಿ ಹೇಳುತ್ತಿದ್ದರು. ನೆಗಡಿ ಬಂದವನು ಮೊಸರುವಡೆ ಕೇಳಿದರೆ ರಸಂ ಕಳಿಸುತ್ತಿದ್ದರು. ಮಾಲೀಕರು ಹಾಗೆಲ್ಲ ಮಾಡಬೇಡಿ ಎಂದರೆ ಮಾಲೀಕರಿಗೂ ಒಂದು ಲೋಟ ರಸಂ. ಉಪ್ಪಿನಕಾಯಿ ಬಿಡಿ ಎಂದ ಡಾಕ್ಟರಿಗೆ, ಉಪ್ಪಿನಕಾಯಿ ತಿಂದೇ ನೂರು ವರ್ಷ ಬದುಕಿದ ತನ್ನ ಅಜ್ಜಿಯ ಕತೆ ಹೇಳಿ, ಮರುವಾರ ಅವರಿಗೂ ಒಂದು ಭರಣಿ ಮಿಡಿ ಉಪ್ಪಿನಕಾಯಿ ಕೊಟ್ಟು ಬಂದವರು ಅವರು.

ಆದರೆ ಒಂದು ವಿಷಯದಲ್ಲಿ ಮಾವನಷ್ಟು ಧಾರಾಳಿ ಬೇರೆ ಯಾರೂ ಇರಲಿಲ್ಲ. ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಅವರ ಮನೆ. ಅಲ್ಲೆಲ್ಲ ಹೊರಗೆ ಹೋಗುವಾಗ ಮನೆಯ ಚಾವಿಯನ್ನು ಪಕ್ಕದವರ ಹತ್ತಿರ ಇಟ್ಟು ಹೋಗುವ ರೂಢಿ. ಬೆಳಿಗ್ಗೆ ಲೋಕಲಿನ ಗರ್ದಿಯಲ್ಲಿ ಹೋದವರು ಎಷ್ಟು ಹೊತ್ತಿಗೆ ಬರುತ್ತಾರೋ ಯಾರಿಗೆ ಗೊತ್ತು? ನೀರು ಬಂದರೆ ಹಿಡಿಯಬೇಕು, ಗ್ಯಾಸ್ ಬಂದರೆ ತೆಗೆದುಕೊಳ್ಳಬೇಕು. ಎಲ್ಲರೂ ಒಂದು ಚಾವಿ ಕೊಟ್ಟರೆ ಮಾವ ಬಿಲ್ಡಿಂಗಿಗೆಲ್ಲ ಹಂಚಿದ್ದರು. ಎರಡನೇ ಮಾಳಿಗೆಯಲ್ಲಿ ಎಲ್ಲರೂ ಕಾಕು ಎನ್ನುವ ಮರಾಠಿ ಹೆಂಗಸು, ವಾಚ್‌ಮನ್, ಎದುರು ಮನೆಯವರು, ನಾವೆಲ್ಲ ಚಿಕ್ಕಮ್ಮ ಎನ್ನುವ, ಕಲ್ಯಾಣದಲ್ಲಿದ್ದ ಅತ್ತೆಯ ತಂಗಿ, ನಾನು. ಒಮ್ಮೆ ಅತ್ತೆ ಸ್ನಾನ ಮುಗಿಸಿ ಬರುವಾಗ ಅಡುಗೆಮನೆಯಲ್ಲಿ ಕಾಕು ನಿಂತು ಅವರ ಸಾರಿಗೆ ಉಪ್ಪು ಹಾಕುತ್ತಿದ್ದರಂತೆ! ಅತ್ತೆ ಸಿಟ್ಟಾದರೆ, ಉಪ್ಪು ಸರಿ ಇತ್ತಲ್ಲ ಎಂದು ಮಾವ ಕೇಳಿದರಂತೆ.

ಇವರ ಒಬ್ಬನೇ ಮಗ ಸಂತೋಷ. ನಮಗೆಲ್ಲ ಸಂತು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು. ಅಮ್ಮನ ಹತ್ತಿರ ಮಾತ್ರ ಕನ್ನಡ, ಉಳಿದವರು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಐರೋಲಿಯ ಒಂದು ಆಫೀಸಿನಲ್ಲಿ ಯಾವುದೋ ದೂರದೇಶದ ಗಿರಾಕಿಗಳ ಫೋನು ತೆಗೆದು ಸಮಾಧಾನ ಹೇಳುವ ಕೆಲಸ. ಅಪ್ಪನನ್ನು ಸಹಿಸಿಕೊಂಡು ಬೆಳೆದವನಿಗೆ ಸಿಟ್ಟಿನ ಗಿರಾಕಿಗಳೆಲ್ಲ ಯಾವ ಲೆಕ್ಕ! ಹೊಸ ಕಂಪ್ಯೂಟರು ತಂದು ಹಾಲಿನಲ್ಲಿ ಇಟ್ಟ, ನೆಟ್ ಹಾಕಿಸಿದ, ಅದರಲ್ಲಿ ಮನೆಯವರಿಗೆಲ್ಲ ಎಂದು ಒಂದು ಪುಟ ಮಾಡಿದ. ಆಗ ಹಾಗೊಂದು ಸೌಕರ್ಯ ಬಂದಿತ್ತು. ಪುಟ ತೆರೆದರೆ ಚಿಕ್ಕಚಿಕ್ಕ ಪೆಟ್ಟಿಗೆಗಳು. ಒಂದರಲ್ಲಿ ಉಡುಪಿಯ ಮಳೆ, ಒಂದರಲ್ಲಿ ಕ್ರಿಕೆಟ್ ಸ್ಕೋರು, ಒಂದರಲ್ಲಿ ಸಂತು ತೆಗೆದ ಫೋಟೋಗಳು, ಮತ್ತೊಂದರಲ್ಲಿ ಅವನ ಕ್ಯಾಲೆಂಡರು.

ಈ ಪೆಟ್ಟಿಗೆಗಳನ್ನು ಮಾಡಿದವರು ಬೇರೆ ಯಾರೋ. ಹಾಗಾಗಿ, ‘ನಿಮ್ಮ ಫೋಟೋ ನೋಡಲೇ? ನಿಮ್ಮ ಕ್ಯಾಲೆಂಡರು ಓದಲೇ?’ ಎಂದು ಅವು ಮೊದಲಿಗೆ ಒಮ್ಮೆ ಅನುಮತಿ ಕೇಳುತ್ತಿದ್ದವು. ಸಂತು ತನ್ನ ಹೆಸರು, ಪಾಸ್‌ವರ್ಡ್ ಹಾಕಿ ಒಂದು ಸಲ ‘ಸರಿ’ ಎಂದು ಒತ್ತಿದ. ಆಮೇಲೆ ಅದೇ ಪೆಟ್ಟಿಗೆಗಳನ್ನು ನಮಗೆಲ್ಲ ಹಂಚಿದ. ಕೋಪರಿಯ ನನ್ನ ಕಂಪ್ಯೂಟರಿಗೆ, ಕಲ್ಯಾಣದ ಚಿಕ್ಕಮ್ಮನ ಮನೆಗೆ, ಎರಡನೇ ಮಾಳಿಗೆಯ ಕಾಕುವಿಗೆ. ನಮಗೆ ಪಾಸ್‌ವರ್ಡೂ ಬೇಡ, ಏನೂ ಬೇಡ. ಅವನು ಕೊಟ್ಟ ಒಂದು ಅನುಮತಿಯಲ್ಲಿ ಅಷ್ಟು ಜನರೂ ನೋಡಬಹುದು. ಹೀಗೆ ಊರಿಗೆಲ್ಲ ನಿನ್ನದನ್ನು ತೋರಿಸುವುದು ಸರಿಯಾ ಎಂದು ನಾನು ಸಂತುವನ್ನು ಕೇಳಿದೆ. ಉತ್ತರ ಕೊಟ್ಟದ್ದು ಮಾವ. ಚಾವಿ ಕೊಟ್ಟ ಮೇಲೆ ಬಾಗಿಲಲ್ಲಿ ನಿಂತು ಒಳಗೆ ಬರಲಾ ಎಂದು ಕೇಳುವುದುಂಟಾ ಎಂದು ನನ್ನನ್ನೇ ಗದರಿದರು.

ಕ್ಯಾಲೆಂಡರಿನ ಪೆಟ್ಟಿಗೆಯಲ್ಲಿ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಒಂದು ಸಣ್ಣ ಗಂಟೆ ಹೊಡೆದು ಒಂದು ಸಾಲು ಮೂಡುತ್ತಿತ್ತು: ‘ಅಪ್ಪ, ಮಾತ್ರೆ ತಗೊಳ್ಳಿ.’ ಕನ್ನಡ ಬರೆಯಲು ಬಾರದ ಹುಡುಗ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಅದು. ಮಾವನ ರಕ್ತದೊತ್ತಡವೋ, ಅವರ ಸಿಟ್ಟಿನ ಹಾಗೆ ಸದಾ ಮೇಲೆಯೇ. ಆದರೆ ಮಗ ಬರೆದದ್ದಕ್ಕೆ ಅವರು ಬಗ್ಗುತ್ತಾರೆಯೇ? ನನ್ನ ಮನೆಯಲ್ಲಿ ಕೂತು ನನಗೇ ಆರ್ಡರು ಮಾಡುವುದಾ ಎಂದು ಪರದೆಯ ಮೇಲೆ ಹೆಗಲಿನ ಬೈರಾಸು ಹೊದೆಸಿ ಪೇಪರು ಓದುತ್ತಿದ್ದರು. ಸಂತು ನಗುತ್ತಾ ಬೈರಾಸು ತೆಗೆಯುತ್ತಿದ್ದ, ಇವರು ಮತ್ತೆ ಹೊದೆಸುತ್ತಿದ್ದರು. ಮನಸ್ಸು ಬಂದ ದಿನ ಮಾತ್ರೆ, ಬಾರದ ದಿನ ಇಲ್ಲ.

ಆ ವರ್ಷದ ಮಳೆಗಾಲದಲ್ಲಿ ಸಂತುವಿಗೆ ಜ್ವರ ಬಂತು. ಡೊಂಬಿವಲಿಯಲ್ಲಿ ಮಳೆಗಾಲದ ಜ್ವರ ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಇದು ಹೋಗಲಿಲ್ಲ. ವಾರದೊಳಗೆ ಹುಡುಗನನ್ನೇ ಕರೆದುಕೊಂಡು ಹೋಯಿತು. ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ನಾನು ಒಂದೆರಡು ದಿನ ಅಲ್ಲೇ ಉಳಿದಿದ್ದೆ. ಊರಿಗೆ ಹೋಗುವ ಯಾರೋ ರೈಲಿನ ಟಿಕೆಟ್ ನೋಡಲು ಕಂಪ್ಯೂಟರು ಹಚ್ಚಿ ಹಾಗೇ ಬಿಟ್ಟು ಹೋಗಿದ್ದರು. ಮಾವ ಗೋಡೆಗೆ ಒರಗಿ ಕೂತಿದ್ದರು. ಒಂಬತ್ತಕ್ಕೆ ಗಂಟೆ ಹೊಡೆಯಿತು. ‘ಅಪ್ಪ, ಮಾತ್ರೆ ತಗೊಳ್ಳಿ.’ ಮಾವ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಹೋಗಿ, ಹೇಳಿದ ಮಾತು ಕೇಳುವ ಶಾಲೆಯ ಹುಡುಗನ ಹಾಗೆ ಮಾತ್ರೆ ನುಂಗಿ ಬಂದು ಕೂತರು.

ಅಂದಿನಿಂದ ಸುರುವಾಯಿತು ನೋಡಿ ನಮ್ಮ ಕಷ್ಟ! ಪೆಟ್ಟಿಗೆ ಹೇಳಿದರೆ ಮಾತ್ರ ಮಾತ್ರೆ. ಆ ಕಾಲದಲ್ಲಿ ಡೊಂಬಿವಲಿ, ಕಲ್ಯಾಣಗಳಲ್ಲಿ ಲೋಡ್‌ಶೆಡ್ಡಿಂಗ್ ಇನ್ನೂ ಇತ್ತು. ಬೆಳಿಗ್ಗೆಯೇ ಕರೆಂಟು ಹೋದರೆ ಪೆಟ್ಟಿಗೆ ಹೇಳುವುದು ಹೇಗೆ? ಮಾವ ಕಲ್ಯಾಣದ ಚಿಕ್ಕಮ್ಮನಿಗೆ ಫೋನು ಮಾಡುವರು. ನಿಮ್ಮಲ್ಲಿ ಕರೆಂಟು ಉಂಟಾ, ಸ್ವಲ್ಪ ಕಂಪ್ಯೂಟರು ಹಚ್ಚು, ಸಂತು ಎಂತ ಹೇಳಿದ್ದಾನೆ ನೋಡು. ಮಾತ್ರೆ ತಗೊಳ್ಳಿ ಅಂತಲೇ ಇರುತ್ತದೆ ಭಾವ, ದಿನಾ ಅದೇ ಅಲ್ವಾ ಎಂದರೆ ಕೇಳುವರೇ? ಹಚ್ಚಿಯೇ ಓದಬೇಕು. ಪಾಪ ಚಿಕ್ಕಮ್ಮ ಒಲೆಯ ಮೇಲಿನ ದೋಸೆ ಬಿಟ್ಟು ಬಂದು, ಕಂಪ್ಯೂಟರು ಏಳುವವರೆಗೆ ಕಾದು, ಫೋನಿನಲ್ಲಿ ಆ ಸಾಲು ಓದಿ ಹೇಳಬೇಕು. ಆ ವರ್ಷ ಚಿಕ್ಕಮ್ಮನ ಮನೆಯವರೆಲ್ಲ ತಿಂದದ್ದು ಸೀದ ದೋಸೆಯೇ.

ಕಲ್ಯಾಣದಲ್ಲೂ ಕರೆಂಟು ಇಲ್ಲದಿದ್ದರೆ ನನ್ನ ಸರದಿ. ನಾನೂ ಆಗ ಐರೋಲಿಯ ಒಂದು ಆಫೀಸಿನ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಆಫೀಸಿನ ಕಂಪ್ಯೂಟರಿನಲ್ಲಿ ಇಂಥ ಪುಟಗಳನ್ನೆಲ್ಲ ಬಂದ್ ಮಾಡಿದ್ದರು. ಒಮ್ಮೆ ಮೀಟಿಂಗಿನ ನಡುವೆ ಫೋನು ಬಂತು. ಪುಟ ತೆರೆಯುವುದಿಲ್ಲ ಮಾವ ಎಂದೆ. ಸರಿ, ನಿಮ್ಮ ಸಾಹೇಬರಿಗೆ ಫೋನು ಕೊಡು, ನಾನು ಹೇಳ್ತೇನೆ ಎಂದರು! ನನ್ನ ಸಾಹೇಬರು ಪುಣೆಯ ಕಡೆಯ ಖಡಕ್ ಮನುಷ್ಯ. ಹೆದರುತ್ತಲೇ ವಿಷಯ ಹೇಳಿದೆ. ಅವರು ತಮ್ಮ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ದೊಡ್ಡವರ ಕಂಪ್ಯೂಟರಿಗೆ ಯಾವ ನಿರ್ಬಂಧವೂ ಇರಲಿಲ್ಲ. ಮರುದಿನದಿಂದ ಒಂಬತ್ತಾಗುವಾಗ ಅವರೇ ಬಂದು, ಮಾಮಾನ ಗುಳಿಗೆ ಆಯಿತೇ ಎಂದು ಮರಾಠಿಯಲ್ಲಿ ಕೇಳಲು ಸುರು ಮಾಡಿದರು.

ಪೆಟ್ಟಿಗೆಯಲ್ಲಿ ಮಾತ್ರೆ ಒಂದೇ ಅಲ್ಲ. ತಿಂಗಳ ಮೊದಲ ಭಾನುವಾರ ಸಂತು ಹಾಕಿಟ್ಟ ಇನ್ನೊಂದು ಸಾಲಿತ್ತು: ‘ಸೊಸೈಟಿ ಮೀಟಿಂಗ್. ಅಪ್ಪ ಜಗಳ ಮಾಡಬಾರದು.’ ನೀರಿನ ಟಾಕಿ, ಪಾರ್ಕಿಂಗ್, ಗಣಪತಿ ಮಂಟಪ, ಯಾವ ವಿಷಯ ಬಂದರೂ ಮಾವ ಎದ್ದು ನಿಂತರೆ ಮೀಟಿಂಗು ಮುಗಿದ ಹಾಗೆಯೇ ಎಂದು ಬಿಲ್ಡಿಂಗಿಗೆಲ್ಲ ಗೊತ್ತು. ಅಂಥವರು ಈಗ ಕೈಕಟ್ಟಿ ಮೂಲೆಯಲ್ಲಿ ಕೂರತೊಡಗಿದರು. ಸೆಕ್ರೆಟರಿಗೆ ಮೊದಲು ಖುಷಿಯಾಯಿತು, ಆಮೇಲೆ ದಿಗಿಲು. ಇವರು ಒಳಗೊಳಗೇ ಕೋರ್ಟಿಗೆ ಹೋಗಿರಬೇಕು ಎಂದು ಹೆದರಿ, ವರ್ಷಗಳಿಂದ ಸೋರುತ್ತಿದ್ದ ಟಾಕಿಯನ್ನು ತಾವಾಗಿಯೇ ರಿಪೇರಿ ಮಾಡಿಸಿದರು. ಇಪ್ಪತ್ತು ವರ್ಷದ ಜಗಳದಲ್ಲಿ ಆಗದ್ದು ಸುಮ್ಮನೆ ಕೂತದ್ದರಲ್ಲಿ ಆಯಿತು.

ಒಮ್ಮೆ ಮಾತ್ರ ಅನಾಹುತವೇ ಆಗಿ ಹೋಯಿತು. ಊರಿನಿಂದ ಬಂದ ನೆಂಟರೊಬ್ಬರು ಪಂಚಾಂಗ ನೋಡುತ್ತೇನೆಂದು ಮೌಸ್ ಹಿಡಿದು ಅದೇನು ಒತ್ತಿದರೋ, ಪೆಟ್ಟಿಗೆ ಮಾಯ! ಮತ್ತೆ ತರಲು ಹೋದರೆ, ‘ಮಾಲೀಕರ ಹೆಸರು ಮತ್ತು ಪಾಸ್‌ವರ್ಡ್ ಹಾಕಿ ಅನುಮತಿ ಕೊಡಿ’ ಎಂದಿತು. ಪಾಸ್‌ವರ್ಡ್ ಗೊತ್ತಿದ್ದವನು ಎಲ್ಲಿದ್ದಾನೆ? ಮಾವನ ಮುಖ ಬಿಳುಚಿತು. ನನಗೆ ಫೋನು ಮಾಡಿದಾಗ ಅವರ ಸ್ವರ ನನಗೆ ಗುರುತೇ ಸಿಗಲಿಲ್ಲ. ಪುಣ್ಯಕ್ಕೆ ಚಿಕ್ಕಮ್ಮನ ಪುಟದಲ್ಲಿ ಪೆಟ್ಟಿಗೆ ಇನ್ನೂ ಇತ್ತು. ಅಲ್ಲಿಂದ ಇಲ್ಲಿಗೆ ಮತ್ತೆ ಹಂಚಿದ್ದಾಯಿತು. ಅವತ್ತೇ ಮಾವ ಮೌಸನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮನೆಯ ಚಾವಿಯನ್ನು ಊರಿಗೆಲ್ಲ ಹಂಚಿದ ಮನುಷ್ಯ ಆ ಬೀರುವಿನ ಚಾವಿಯನ್ನು ಮಾತ್ರ ಜನಿವಾರಕ್ಕೆ ಕಟ್ಟಿಕೊಂಡು ಓಡಾಡಿದರು.

ನಾವೆಲ್ಲ ನಗುತ್ತಿದ್ದೆವು. ನಗದೆ ಏನು ಮಾಡುವುದು? ನಗದಿದ್ದವರು ಅತ್ತೆ ಒಬ್ಬರೇ. ಸಂತು ಹೋದ ದಿನದಿಂದ ಅವರು ಮಗನ ಹೆಸರೆತ್ತಿರಲಿಲ್ಲ. ಕಂಪ್ಯೂಟರಿನ ಕಡೆ ಬೆನ್ನು ಹಾಕಿಯೇ ಹಾಲಿನಲ್ಲಿ ನಡೆಯುತ್ತಿದ್ದರು. ಒಂಬತ್ತು ಗಂಟೆಯಾಗುವಾಗ ಮಿಕ್ಸಿ ತಿರುಗಿಸುತ್ತಿದ್ದರು, ಅರೆಯಲು ಏನೂ ಇಲ್ಲದ ದಿನವೂ. ಮಾವ ಪೆಟ್ಟಿಗೆಯ ಎದುರು, ಅತ್ತೆ ಮಿಕ್ಸಿಯ ಎದುರು. ಆ ಎರಡು ಕೋಣೆಗಳ ಮನೆಯಲ್ಲಿ ಇಬ್ಬರೂ ಒಂದು ದಿನವಾದರೂ ಒಟ್ಟಿಗೆ ಕೂತು ಅವನ ಬಗ್ಗೆ ಮಾತಾಡಿದ್ದಿಲ್ಲ, ಅತ್ತದ್ದಿಲ್ಲ. ಅದೇ ನನಗೆ ಎಲ್ಲಕ್ಕಿಂತ ದೊಡ್ಡ ಸಂಕಟವಾಗಿತ್ತು. ಹೀಗೇ ಇದ್ದರೆ ಇವರಿಬ್ಬರೂ ಒಂದೊಂದು ಮೂಲೆಯಲ್ಲಿ ಕರಗಿ ಹೋಗುತ್ತಾರಲ್ಲ ಎಂದು ಹೆದರಿಕೆ. ಒಮ್ಮೆ ಅತ್ತೆ ನನ್ನ ತಟ್ಟೆಗೆ ಅನ್ನ ಬಡಿಸುತ್ತಾ, “ಅದನ್ನು ಒಮ್ಮೆ ಬಂದ್ ಮಾಡ್ಲಿಕ್ಕೆ ಆಗುವುದಿಲ್ವಾ?” ಎಂದು ಮೆಲ್ಲಗೆ ಕೇಳಿದರು.

ಬಂದ್ ಮಾಡುವವರು ಬೇರೆಯೇ ಇದ್ದರು. ಕೆಲವು ವರ್ಷಗಳ ಮೇಲೆ ಒಂದು ದಿನ ಪುಟದ ನೆತ್ತಿಯಲ್ಲಿ ಇಂಗ್ಲಿಷಿನ ಒಂದು ಸಾಲು ಬಂತು. ಈ ಸೌಕರ್ಯವನ್ನು ಇಂಥ ದಿನದಿಂದ ನಿಲ್ಲಿಸುತ್ತಿದ್ದೇವೆ ಎಂದು. ಜನರೆಲ್ಲ ಮೊಬೈಲಿಗೆ ಹೋಗಿದ್ದರು, ಇಂಥ ಪುಟ ಯಾರಿಗೂ ಬೇಡವಾಗಿತ್ತು. ಮಾವನಿಗೆ ಹೇಗೆ ಹೇಳುವುದು ಎಂದು ನಾನು, ಚಿಕ್ಕಮ್ಮ, ಕಾಕು ಫೋನಿನಲ್ಲಿ ಗುಸುಗುಸು ಮಾಡುತ್ತಿರುವಾಗಲೇ ಅವರು ಕನ್ನಡಕ ಹಾಕಿ ಅಕ್ಷರ ಅಕ್ಷರ ಕೂಡಿಸಿ ಓದಿಯಾಗಿತ್ತು.

ಆ ಕಂಪೆನಿಗೆ ಕಾಗದ ಬರಿ ಎಂದು ನನ್ನನ್ನು ಕೂರಿಸಿದರು. ಬರೆದೆ. ಮಾಲೀಕರು ಸ್ವತಃ ಒಳಗೆ ಬಂದು ತಮ್ಮದನ್ನು ಬೇರೆಡೆಗೆ ಸಾಗಿಸಿಕೊಳ್ಳಬಹುದು ಎಂದು ಉತ್ತರ ಬಂತು. ಮಾಲೀಕರು ತೀರಿಹೋಗಿದ್ದಾರೆ ಎಂದು ಮತ್ತೆ ಬರೆದೆ. ಹಾಗಾದರೆ ಮಾಲೀಕರ ಅನುಮತಿ ಬೇಕು ಎಂದು ಉತ್ತರ. ಅಲ್ಲಿ ಮನುಷ್ಯರು ಯಾರಾದರೂ ಇದ್ದರೋ ಇಲ್ಲವೋ! ಅದನ್ನು ಓದಿ ಹೇಳಿದಾಗ ಮಾವ ಗಲಾಟೆ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ.

“ಅವ ಒಮ್ಮೆ ಕೊಟ್ಟಿದ್ದಾನಲ್ಲ ಮಾರಾಯ್ತಿ. ವಾಪಸು ತಗೊಂಡಿಲ್ವಲ್ಲ,” ಎಂದರು ಅಷ್ಟೇ.

ಪಾಸ್‌ವರ್ಡ್ ಊಹಿಸಿ ನೋಡುವ ಎಂದು ಒಂದು ಭಾನುವಾರ ಕೂತೆವು. ಬೀರುವಿನಿಂದ ಮೌಸ್ ಹೊರಗೆ ಬಂತು. ಅವನಿಗೆ ಪ್ರೀತಿಯ ಆಟಗಾರ, ಅವನ ಕಾಲೇಜು, ಅವನ ಬೈಕಿನ ನಂಬರು. ಅತ್ತೆಯ ಹೆಸರು ಹಾಕುವ ಎಂದು ನಾನು ಹೇಳಿದಾಗ ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. ಅದೂ ಅಲ್ಲ. ಕೊನೆಗೆ ಮಾವ, ಬೇರೆ ಕಡೆ ನೋಡುತ್ತಾ, ತನ್ನ ಹೆಸರು ಹಾಕಿ ನೋಡು ಎಂದರು. ಹಾಕಿದೆ. ಅದೂ ಅಲ್ಲ. ಇನ್ನು ಪ್ರಯತ್ನಿಸಬೇಡಿ ಎಂದು ಪರದೆ ಹೇಳಿತು. ನನ್ನ ಹೆಸರು ಯಾಕೆ ಹಾಕ್ತಾನೆ, ನಾನು ಅವನ ಮಾತು ಯಾವಾಗ ಕೇಳಿದ್ದೇನೆ ಎಂದು ಮಾವ ಎದ್ದು ಬಾಲ್ಕನಿಗೆ ಹೋದರು. ನಾನು ಅವರ ಹಿಂದೆ ಹೋಗಲಿಲ್ಲ.

ಪುಟ ನಿಲ್ಲುವ ದಿನ ಬಂತು. ಮರುದಿನ ನಾನು ರಜೆ ಹಾಕಿ ಬೆಳಿಗ್ಗೆಯೇ ಡೊಂಬಿವಲಿಗೆ ಹೋದೆ. ಒಂದು ಉಪಾಯ ಮಾಡಿಕೊಂಡಿದ್ದೆ. ನನ್ನ ಮೊಬೈಲಿನಲ್ಲಿ ಒಂಬತ್ತಕ್ಕೆ ಅಂಥದೇ ಗಂಟೆ, ಅದೇ ಇಂಗ್ಲಿಷ್ ಅಕ್ಷರ, ಅದೇ ಸಾಲು. ಮಾವ ಬರಿದಾದ ಪರದೆಯ ಎದುರು ಕೂತಿದ್ದರು. ಗಂಟೆ ಹೊಡೆಯಿತು. ಮೊಬೈಲನ್ನು ಅವರ ಮುಂದೆ ಹಿಡಿದೆ. ಓದಿದರು. ಓದಿ ನನ್ನ ತಲೆ ಸವರಿದರು.

“ಇದು ನೀನು ಹೇಳಿದ್ದು ಮಗಾ. ಅವ ಹೇಳಿದ್ದಲ್ಲ.”

ಮಾತ್ರೆ ತೆಗೆದುಕೊಳ್ಳಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಚಿಕ್ಕಮ್ಮ ಫೋನಿನಲ್ಲಿ ಅತ್ತರು. ಕಾಕು ಮೆಟ್ಟಿಲು ಹತ್ತಿ ಬಂದು ಬೈದರು. ನಾನು ಅಲ್ಲೇ ಉಳಿದಿದ್ದೆ. ಅದರಾಚೆಯ ದಿನದ ಹೊತ್ತಿಗೆ ಮಾವನ ಮುಖ ಕೆಂಪೇರಿ, ತಲೆ ಹಿಡಿದುಕೊಂಡು ಕೂತಿದ್ದರು. ಡಾಕ್ಟರನ್ನು ಕರೆಯಲು ನಾನು ಫೋನು ತೆಗೆದೆ. ಗಡಿಯಾರದಲ್ಲಿ ಒಂಬತ್ತು. ಅವತ್ತು ಮಿಕ್ಸಿ ತಿರುಗಲಿಲ್ಲ.

ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ ಮಾತ್ರೆ. ನೇರ ಹೋಗಿ ಮಾವನ ಎದುರು ನಿಂತರು.

“ತಗೊಳ್ಳಿ.”

ಮಾವ ಬೇಡವೆಂದು ತಲೆಯಾಡಿಸಿದರು.

“ಒಂಬತ್ತು ಗಂಟೆಗೆ ಮಾತ್ರೆ ಅಂತ ಅದರಲ್ಲಿ ಹಾಕು ಅಂತ ಸಂತುವಿಗೆ ಹೇಳಿದ್ದು ಯಾರು ಅಂತ ಎಣಿಸಿದ್ರಿ?” ಅತ್ತೆ ಲೋಟ ಮುಂದೆ ಚಾಚಿದರು. “ನಾನು ಹೇಳಿದ್ರೆ ನೀವು ಕೇಳುವುದಿಲ್ಲ. ಅದಕ್ಕೆ ಅವನ ಹತ್ರ ಹೇಳಿಸಿದ್ದು. ಅದು ಸುರುವಿನಿಂದಲೂ ನನ್ನದೇ ಮಾತು.”

ಅಷ್ಟು ವರ್ಷಗಳ ಮೇಲೆ ಆ ಮನೆಯಲ್ಲಿ ಅತ್ತೆಯ ಬಾಯಲ್ಲಿ ಸಂತುವಿನ ಹೆಸರು ಬಂದಿತ್ತು. ಮಾವ ತಲೆ ಎತ್ತಿ ಅವರನ್ನು ನೋಡಿದರು. ನೋಡುತ್ತಲೇ ಕೈ ಚಾಚಿ ಮಾತ್ರೆ ತೆಗೆದುಕೊಂಡರು, ನುಂಗಿದರು, ನೀರು ಕುಡಿದರು. ಲೋಟ ಹಿಂದೆ ಕೊಡದೆ ಹಾಗೇ ಹಿಡಿದುಕೊಂಡು ಕೂತರು.

“ನೀನು ಹೇಳಿದಾಗ ಅವ ಎಂತ ಅಂದ?”

ಅತ್ತೆ ಅವರ ಪಕ್ಕದಲ್ಲಿ ಕೂತರು. “ನಗಾಡಿದ. ಅಪ್ಪ ನನ್ನ ಮಾತು ಎಲ್ಲಿ ಕೇಳ್ತಾರೆ ಅಮ್ಮ, ಅಂದ.”

ಮಾವ ಅಳುವುದನ್ನು ನಾನು ನೋಡಿದ್ದು ಅವತ್ತೇ ಮೊದಲು.

“ಕೇಳ್ತಾರೆ ಅಂತ ನೀನು ಹೇಳ್ಬೇಕಿತ್ತು ಅವನಿಗೆ.”

“ಹೇಳಿದ್ದೆ,” ಎಂದರು ಅತ್ತೆ.